ಬುತ್ತಿ ಹೋದ ದಾರಿ

ನೀರು ಸರಬರಾಜು ಕಚೇರಿಗೆ ಹೊಸದಾಗಿ ಬಂದ ಇಂಜಿನಿಯರಮ್ಮನಿಗೆ ಕಚೇರಿಯವರು ಎರಡನೆಯ ದಿನವೇ ಹೆಸರಿಟ್ಟಿದ್ದರು: ಬಿರುಗಾಳಿ. ಕುರ್ಚಿಯಲ್ಲಿ ಹತ್ತು ನಿಮಿಷ ಕೂತರೆ ಹೆಚ್ಚು. ಕೂತಾಗಲೂ ಒಂದು ಕಾಲು ಮೇಜಿನ ಕೆಳಗೆ ಕುಣಿಯುತ್ತಲೇ ಇರುತ್ತಿತ್ತು. ಆರು ವರ್ಷದಲ್ಲಿ ನಾಲ್ಕು ಊರು ಸುತ್ತಿದವಳು. ಯಾವ ಊರಿನಲ್ಲೂ ಮನೆಯಿಂದ ಕಚೇರಿಗೆ, ಕಚೇರಿಯಿಂದ ಪಂಪ್‌ಹೌಸಿಗೆ ಹೋಗುವ ದಾರಿ ಬಿಟ್ಟು ಮೂರನೆಯದನ್ನು ಕಲಿತವಳಲ್ಲ. ಇಲ್ಲಿಗೆ ಬಂದು ಮೂರು ವಾರವಾಗಿದ್ದರೂ ಬಾಡಿಗೆ ಮನೆಯಲ್ಲಿ ಪಾತ್ರೆಯ ಪೆಟ್ಟಿಗೆಗೆ ಕಟ್ಟಿದ ಹಗ್ಗ ಹಾಗೇ ಇತ್ತು. "ಬಿಚ್ಚೋದ್ಯಾಕೆ, ಮತ್ತೆ ಕಟ್ಟೋದ್ಯಾಕೆ?" ಎಂದು ಫೋನಿನಲ್ಲಿ ಅಕ್ಕನಿಗೆ ಹೇಳಿದ್ದಳು.

ಅಂಥವಳ ಕೊರಳಿಗೆ ಒಂದು ಬೆಳಿಗ್ಗೆ ಊರಿನ ದೊಡ್ಡ ಪೈಪು ಬಂದು ಸುತ್ತಿಕೊಂಡಿತು. ಆಸ್ಪತ್ರೆ ರಸ್ತೆಯ ನಡುವೆ ಪೈಪು ಒಡೆದು, ಡಾಂಬರು ಉಬ್ಬಿ, ನೀರು ಬುಗ್ಗೆಯಾಗಿ ಎದ್ದಿತ್ತು. ಅವಳು ತಲುಪುವಷ್ಟರಲ್ಲಿ ಆಸ್ಪತ್ರೆಯ ಕಾಂಪೌಂಡಿನ ಬುಡದ ಮಣ್ಣು ಕರಗತೊಡಗಿತ್ತು. ಅವಳ ಕೈಯಲ್ಲಿದ್ದ ನಕ್ಷೆ ಮೂವತ್ತೈದು ವರ್ಷದ ಹಿಂದಿನದು. ಅದರಲ್ಲಿ ಆ ಪೈಪಿಗೆ ಐದು ವಾಲ್ವು. ಐದನ್ನೂ ಮುಚ್ಚಿಸಿದಳು. ನೀರು ಮಾತ್ರ ಯಾರಿಗೂ ಕೇರ್ ಮಾಡದೆ ಹರಿಯುತ್ತಲೇ ಇತ್ತು.

"ಟ್ಯಾಂಕನ್ನೇ ಮುಚ್ಚಿಸಿಬಿಡಿ," ಎಂದರು ದೊಡ್ಡ ಸಾಹೇಬರು ಫೋನಿನಲ್ಲಿ.

"ಮುಚ್ಚಿದ್ರೆ ಆಸ್ಪತ್ರೆಗೂ ನೀರಿಲ್ಲ ಸಾರ್. ಒಳಗೆ ಆಪರೇಷನ್ ನಡೀತಿದೆ. ಎಲ್ಲೋ ಇನ್ನೊಂದು ವಾಲ್ವಿದೆ, ಹುಡುಕ್ತೀನಿ."

"ಹನ್ನೆರಡು ಗಂಟೆ ತನಕ ನೋಡ್ತೀನಿ. ಆಮೇಲೆ ನಾನೇ ಮುಚ್ಚಿಸ್ತೀನಿ."

ಆಗ ಒಂಬತ್ತೂಕಾಲು. ಅವಳು ಕಾಲು ಸುಟ್ಟ ಬೆಕ್ಕಿನಂತೆ ಆಚೆಯಿಂದ ಈಚೆಗೆ ಓಡಾಡುವುದನ್ನು ನೋಡಿ ಮೇಸ್ತ್ರಿ ಮೆಲ್ಲಗೆ ಅಂದ: "ಮೇಡಮ್, ಹಳೇ ನೀರಿನವರನ್ನ ಕೇಳಬೇಕು. ಮೂವತ್ತೆಂಟು ವರ್ಷ ಈ ಊರಿಗೆ ನೀರು ಬಿಟ್ಟೋರು ಅವರು. ನಿವೃತ್ತಿ ಆಗೋ ಮುಂಚೆ ಎಲ್ಲಾ ಬರೆದುಕೊಡಿ ಅಂದ್ವಿ. 'ನನ್ನ ಕಾಲಿಗೆ ಗೊತ್ತು, ಕೈಗೆ ಗೊತ್ತಿಲ್ಲ' ಅಂದ್ಬಿಟ್ರು."

ನೀರಿನವರ ಮನೆ ಮೇಲಿನ ಕೇರಿಯಲ್ಲಿತ್ತು. ಬಿರುಗಾಳಿ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಬಾಗಿಲು ಬಡಿದಳು. ತೆರೆದದ್ದು ಅವರ ಹೆಂಡತಿ. ಅರವತ್ತು ದಾಟಿದ, ಗಿಡ್ಡನೆಯ, ದುಂಡು ಮುಖದ ಹೆಂಗಸು. ಒಳಗೆ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ನೀರಿನವರು ಕೂತಿದ್ದರು. ಏಳು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಮಾತು ಕೇಳುತ್ತಿರಲಿಲ್ಲ. ಬಿರುಗಾಳಿ ನಕ್ಷೆಯನ್ನು ಅವರ ತೊಡೆಯ ಮೇಲೆ ಹರಡಿ, ಒಡೆದ ಜಾಗ ತೋರಿಸಿ, ಆರನೆಯ ವಾಲ್ವು ಎಲ್ಲಿ ಎಂದು ಕೇಳಿದಳು. ಮುದುಕರ ಕಣ್ಣು ಹೊಳೆಯಿತು. ಎಡಗೈ ಬೆರಳು ಆ ಹಳೆಯ ನಕ್ಷೆಯ ಮೇಲೆ ಅಲೆದು ಎಲ್ಲೂ ನಿಲ್ಲಲಿಲ್ಲ; ತುಟಿ ಕಷ್ಟಪಟ್ಟು ತಿರುಗಿತು.

"ಮಂಗಳವಾರ," ಎಂದರು.

"ಮಂಗಳವಾರದ ಸಂತೆ ಇತ್ತಾ? ಎಲ್ಲಿ? ಸಂತೆ ಮೈದಾನ ಎಲ್ಲಿ ಬರುತ್ತೆ?"

ಹೆಂಡತಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಮಗಳೇ, ಆ ಮಾತಿನ ಹಿಂದೆ ಹೋಗಬೇಡ. ಈಗ ಅವರಿಗೆ ಎಲ್ಲಾದಕ್ಕೂ ಮಂಗಳವಾರಾನೇ. ಹಸಿವಾದ್ರೂ ಮಂಗಳವಾರ, ನನ್ನ ಮೇಲೆ ಸಿಟ್ಟು ಬಂದ್ರೂ ಮಂಗಳವಾರ."

ಮುದುಕರು ಮುಖ ಗಂಟಿಕ್ಕಿಕೊಂಡರು. ಬಿರುಗಾಳಿ ನಕ್ಷೆ ಮಡಚಿ ಎದ್ದು ನಿಂತಾಗ ಹೆಂಡತಿ ತಡೆದಳು.

"ನಿಲ್ಲು. ನನಗೆ ನೀರಿನ ವಿಷಯ ಗೊತ್ತಿಲ್ಲ, ಊಟದ ವಿಷಯ ಗೊತ್ತು. ಮೂವತ್ತು ವರ್ಷ ಇವರು ಎಲ್ಲಿ ಗುಂಡಿ ತೋಡಿದ್ರೋ ಅಲ್ಲಿಗೆ ನಾನು ಬುತ್ತಿ ತಗೊಂಡು ಹೋಗಿದ್ದೀನಿ. ಪೇಟೆಯಲ್ಲಿ ಬುತ್ತಿಯಮ್ಮ ಅಂದ್ರೇನೇ ನನ್ನ ಗುರುತು ಹಿಡಿಯೋದು. ಬಾ, ಆ ಜಾಗಗಳನ್ನ ತೋರಿಸ್ತೀನಿ."

ತೋರಿಸುತ್ತೇನೆ ಎಂದವಳು ತಕ್ಷಣ ಹೊರಟಳೇ? ಇಲ್ಲ. ಮೊದಲು ಎರಡು ಕೊಡ ನೀರು ತುಂಬಿಸಿದಳು. ಆಮೇಲೆ ಬಕೆಟ್ಟು ತುಂಬಿಸಿದಳು. ಪಕ್ಕದ ಮನೆಯವಳನ್ನು ಕರೆದು ಗಂಡನ ಬಳಿ ಕೂರಿಸಿದಳು. ಬಿರುಗಾಳಿ ಹೊಸ್ತಿಲಲ್ಲಿ ನಿಂತು ಗಡಿಯಾರ ನೋಡಿಕೊಳ್ಳುತ್ತ ಹಲ್ಲು ಕಡಿದಳು.

ದಾರಿಯಲ್ಲಂತೂ ಕೇಳಲೇಬೇಡಿ. ಬುತ್ತಿಯಮ್ಮ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಕಟ್ಟಿಗೆ ಅಂಗಡಿಯವನ ಮಂಡಿನೋವು ವಿಚಾರಿಸಿದಳು. ಇಸ್ತ್ರಿ ಮಾಡುವವಳ ಸೊಸೆಗೆ ಎಷ್ಟನೆಯ ತಿಂಗಳು ಎಂದು ಕೇಳಿದಳು. ಬಿರುಗಾಳಿ ಇಪ್ಪತ್ತು ಹೆಜ್ಜೆ ಮುಂದೆ ಹೋಗಿ, ತಿರುಗಿ ನೋಡಿ, ಮತ್ತೆ ಹಿಂದಕ್ಕೆ ಬರುತ್ತಿದ್ದಳು. ಹೀಗೆ ಅವಳು ಒಂದೇ ಬೀದಿಯನ್ನು ಮೂರು ಸಲ ನಡೆದಂತಾಯಿತು.

"ಅಮ್ಮಾ, ಸ್ವಲ್ಪ ಬೇಗ..."

"ಕಾಲು ಓಡಿದ್ರೆ ನೆನಪು ಹಿಂದೆ ಉಳೀತದೆ ಕಣಮ್ಮ. ನೋಡು, ಈ ಗ್ಯಾರೇಜು ಇದೆಯಲ್ಲ, ಇಲ್ಲಿ ಹಗ್ಗ ಹೊಸೆಯೋರು ಇದ್ರು. ಬೀದಿ ಉದ್ದಕ್ಕೂ ಹಗ್ಗ ಎಳೆದು ಹೊಸೀತಿದ್ರು, ಅದಕ್ಕೇ ಈ ಬೀದಿ ಒಂದೂ ತಿರುವಿಲ್ಲದೆ ನೆಟ್ಟಗಿದೆ. ಇಲ್ಲಿ ಎರಡು ದಿನ ಊಟ ಮಾಡಿದ್ರು ಇವರು."

ಹಿಂದೆಯೇ ಬಂದಿದ್ದ ಮೇಸ್ತ್ರಿ ತನ್ನ ಇಬ್ಬರು ಆಳುಗಳಿಂದ ಅಗೆಸಿದ. ಮೂರು ಅಡಿಯಲ್ಲಿ ಸಿಕ್ಕಿದ್ದು ಚರಂಡಿಯ ಮುಚ್ಚಳ. ಗಂಟೆ ಹತ್ತೂಮುಕ್ಕಾಲಾಗಿತ್ತು. ಫೋನು ಬಂತು: ಆಸ್ಪತ್ರೆಯ ಕಾಂಪೌಂಡು ಎರಡು ಆಳುದ್ದ ಬಿದ್ದಿದೆ, ಯಾರಿಗೂ ಪೆಟ್ಟಾಗಿಲ್ಲ, ಸಾಹೇಬರು ಟ್ಯಾಂಕಿನ ಹತ್ತಿರ ಹೊರಟಿದ್ದಾರೆ.

"ಇನ್ನೂ ದೊಡ್ಡ ಕೆಲಸ, ಅಮ್ಮಾ. ದೊಡ್ಡ ಗುಂಡಿ. ಈ ಪೈಪು ಸೊಂಟದಷ್ಟು ದಪ್ಪ ಇದೆ," ಬಿರುಗಾಳಿ ಕೈ ಅಗಲಿಸಿ ತೋರಿಸಿದಳು. "ಆಳ ಇರಬೇಕು. ನೆನಪು ಮಾಡಿಕೊಳ್ಳಿ."

ಬುತ್ತಿಯಮ್ಮ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು. ಕಣ್ಣು ಮುಚ್ಚಿದಳು. ಆಮೇಲೆ ಆ ದುಂಡು ಮುಖದಲ್ಲಿ ಹುಡುಗಿಯ ನಾಚಿಕೆ ಬಂತು.

"ಆಳದ್ದು ಅಂದ್ರೆ ಮೊದಲನೇದು. ಮದುವೆಯಾಗಿ ಹದಿನೈದು ದಿನ ಆಗಿತ್ತು. ಮೊದಲ ಸಲ ಬುತ್ತಿ ಹಿಡ್ಕೊಂಡು ಹೋದೆ. ಗುಂಡಿಯೊಳಗೆ ಕುತ್ತಿಗೆ ತನಕ ನಿಂತ ಆರು ಜನ, ಎಲ್ಲರ ಮುಖಕ್ಕೂ ಕೆಸರು. ನನ್ನ ಗಂಡ ಯಾರು ಅಂತ ಗೊತ್ತಾಗಲಿಲ್ಲ ಮಗಳೇ! ಹೆಸರು ಹಿಡಿದು ಕೂಗೋಕೂ ನಾಚಿಕೆ. ಬುತ್ತಿ ಹಿಡ್ಕೊಂಡು ಸುಮ್ಮನೆ ನಿಂತೆ. ಆರರಲ್ಲಿ ಒಬ್ಬ ಕೆಳಗೆ ನೋಡಿದ. ಇವನೇ ಅಂದ್ಕೊಂಡೆ." ಅವಳು ಎದ್ದಳು. "ಬಟ್ಟೆ ಗಿರಣಿಯ ಹಿಂದಿನ ಗೇಟು. ಗಾಡಿ ಎಳೆಯೋ ಕುದುರೆಗಳು ನೀರು ಕುಡಿಯೋ ಕಲ್ಲಿನ ತೊಟ್ಟಿ ಇತ್ತು, ಅದರ ಪಕ್ಕ. ಬಾ!"

ಈಗ ಬಿರುಗಾಳಿಯೇ ಹಿಂದೆ ಬಿದ್ದಳು. ಆ ಗಿಡ್ಡ ಹೆಂಗಸು ಸಂದಿಗೊಂದಿಗಳಲ್ಲಿ ನುಗ್ಗಿ, ಯಾರದೋ ಹಿತ್ತಿಲಲ್ಲಿ ಒಣಹಾಕಿದ ಬಟ್ಟೆ ಸರಿಸಿ, ಗೋಡೆ ಬಿದ್ದ ಜಾಗದಲ್ಲಿ ಹಾರಿ ಹೋದಳು. ಗಿರಣಿ ಮುಚ್ಚಿ ಬಹಳ ಕಾಲವಾಗಿತ್ತು; ಅಲ್ಲೀಗ ಸಾಲು ಅಂಗಡಿಗಳು. ತೊಟ್ಟಿಯೂ ಇಲ್ಲ, ಗೇಟೂ ಇಲ್ಲ. ಬುತ್ತಿಯಮ್ಮ ಒಂದು ಕ್ಷಣ ದಿಕ್ಕು ತಪ್ಪಿದವಳಂತೆ ನಿಂತಳು. ಆಮೇಲೆ ಅಂಗಡಿಗಳ ಹಿಂದೆ ಇನ್ನೂ ನಿಂತಿದ್ದ ಗಿರಣಿಯ ಚಿಮಣಿ ಕಡೆ ಮುಖ ಮಾಡಿ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟು, ಒಂದು ಸಿಮೆಂಟು ಜಗಲಿಗೆ ಕಾಲು ತಾಗಿದಾಗ ನಿಂತಳು. "ಇಲ್ಲಿ ನಿಂತಿದ್ದೆ. ಚಿಮಣಿಯ ನೆರಳು ನನ್ನ ಕಾಲ ಹತ್ತಿರ ಇತ್ತು."

ಜಗಲಿ ಪುಸ್ತಕಗಳಿಗೆ ರಟ್ಟು ಹಾಕುವವನದು. ಬೀದಿಯ ಕಡೆಗೆ ನಾಲ್ಕು ಅಡಿ ಚಾಚಿಕೊಂಡಿತ್ತು. ಅವನು ಅಂಟು ಮೆತ್ತಿದ ಕೈಯಲ್ಲೇ ಹೊರಗೆ ಬಂದು, ಹಾರೆ ಹಿಡಿದವರನ್ನು ಕಂಡು ಬಾಗಿಲಿಗೆ ಅಡ್ಡ ನಿಂತ.

"ಒಂದು ಏಟು ಹಾಕಿ ನೋಡೋಣ! ಹನ್ನೊಂದು ವರ್ಷದಿಂದ ಈ ಸಾಲಿಗೆ ಸರಿಯಾಗಿ ನೀರಿಲ್ಲ ಅಂತ ಅರ್ಜಿ ಕೊಡ್ತಿದ್ದೀನಿ. ಆಗ ಒಂದು ನರಪಿಳ್ಳೆ ಬರಲಿಲ್ಲ. ಈಗ ಒಡೆಯೋಕೆ ಮೆರವಣಿಗೆ ಬಂದಿದ್ದೀರಾ?"

ಗಂಟೆ ಹನ್ನೊಂದೂಕಾಲು. ಕಾನೂನು, ಒತ್ತುವರಿ, ಪೊಲೀಸು ಎಲ್ಲ ಬಿರುಗಾಳಿಯ ನಾಲಿಗೆಯ ತುದಿಗೆ ಬಂದವು. ನಾಲ್ಕು ಊರಿನಲ್ಲಿ ಅವಳು ಹೀಗೇ ಕೆಲಸ ಮಾಡಿಸಿದ್ದು. ಆದರೆ ಬುತ್ತಿಯಮ್ಮ ಅಷ್ಟರಲ್ಲಿ ಜಗಲಿಯ ಮೇಲೆ ಆರಾಮಾಗಿ ಕೂತು, ಪಕ್ಕದ ಜಾಗ ತಟ್ಟಿ ಅವಳನ್ನೂ ಕರೆದಳು. ಏನಾದರಾಗಲಿ ಎಂದು ಅವಳೂ ಕೂತಳು.

"ಬರಲಿಲ್ಲ, ತಪ್ಪಾಯ್ತು," ಎಂದಳು ಬಿರುಗಾಳಿ ರಟ್ಟಿನವನಿಗೆ. "ಆಗ ನಾನು ಇರಲಿಲ್ಲ ಅಂತ ಹೇಳಬಹುದು. ಹೇಳಲ್ಲ. ಕಚೇರಿಯವರು ಬರಬೇಕಿತ್ತು. ಯಾವ ಹೊತ್ತಿಗೆ ನೀರು ಬರುತ್ತೆ ನಿಮಗೆ? ಎಷ್ಟು ಹೊತ್ತು?"

ಬೈಯಲು ತೆರೆದ ಬಾಯಲ್ಲೇ ಅವನು ಲೆಕ್ಕ ಹೇಳಿದ. ಬೆಳಗಿನ ಜಾವ ಹದಿನೈದು ನಿಮಿಷ, ಬೆರಳುಗಾತ್ರ, ಅದೂ ದಿನ ಬಿಟ್ಟು ದಿನ. ಅಂಟು ಕಲೆಸಲಿಕ್ಕೂ ಹೆಂಡತಿ ಆಚೆ ಬೀದಿಯಿಂದ ಹೊತ್ತು ತರಬೇಕು. ಬಿರುಗಾಳಿ ನಕ್ಷೆಯ ಅಂಚಿನಲ್ಲಿ ಬರೆದುಕೊಂಡಳು. ಒಳಗೊಳಗೇ ನಿಮಿಷಗಳು ಬಡಿದುಕೊಳ್ಳುತ್ತಿದ್ದವು, ಆದರೂ ಪೂರ್ತಿ ಬರೆದುಕೊಂಡಳು.

"ಜಗಲಿ ನಾನೇ ಮತ್ತೆ ಕಟ್ಟಿಸಿಕೊಡ್ತೀನಿ. ವಾಲ್ವಿನ ಮೇಲೆ ಮುಚ್ಚಳ ಬಿಟ್ಟು," ಎಂದಳು.

"ನಿಮ್ಮಪ್ಪನ್ನ ನಾನು ಬಲ್ಲೆ. ಅವನಿದ್ದಿದ್ರೆ ತಾನೇ ಸುತ್ತಿಗೆ ತರ್ತಿದ್ದ ಕಣಪ್ಪ," ಬುತ್ತಿಯಮ್ಮ ಮೆಲ್ಲಗೆ ಸೇರಿಸಿದಳು. ರಟ್ಟಿನವನು ಅವಳನ್ನು ದಿಟ್ಟಿಸಿ, ಒಳಗೆ ಹೋಗಿ ಕಾಗದದ ಕಟ್ಟುಗಳನ್ನು ಅಟ್ಟಕ್ಕೆ ಏರಿಸತೊಡಗಿದ. ಅದೇ ಒಪ್ಪಿಗೆ.

ಸಿಮೆಂಟಿನ ಕೆಳಗೆ ಕಲ್ಲು, ಕಲ್ಲಿನ ಕೆಳಗೆ ಮಣ್ಣು, ಐದು ಅಡಿ ಇಳಿದ ಮೇಲೆ ಹಾರೆ ಟಣ್ ಎಂದಿತು. ತುಕ್ಕಿನ ಮುದ್ದೆಯಂತಿದ್ದ ವಾಲ್ವು. ಉದ್ದನೆಯ ಚಾವಿ ಇಳಿಸಿ ಇಬ್ಬರು ಆಳುಗಳು ಮೈಯ ಬಲವೆಲ್ಲ ಹಾಕಿ ತಿರುಗಿಸಹೊರಟಾಗ ಬುತ್ತಿಯಮ್ಮ ಚೀರಿದಳು: "ಹಾಗಲ್ಲ! ಮುರಿದುಹಾಕ್ತೀರಾ! ಇವರು ಎರಡು ಸುತ್ತು ಮುಂದೆ ಹೋಗಿ ಒಂದು ಸುತ್ತು ಹಿಂದೆ ಬರ್ತಿದ್ರು. ಊಟ ಆರಿಹೋಗ್ತದೆ ಅಂತ ಬೈಕೊಂಡು ಎಣಿಸ್ತಾ ಕೂರ್ತಿದ್ದೆ ನಾನು."

ಎರಡು ಮುಂದೆ, ಒಂದು ಹಿಂದೆ. ಹನ್ನೆರಡಕ್ಕೆ ಏಳು ನಿಮಿಷವಿದ್ದಾಗ ಚಾವಿ ಇನ್ನು ತಿರುಗಲಾರೆ ಎಂದು ನಿಂತಿತು. ಆಸ್ಪತ್ರೆ ರಸ್ತೆಯಿಂದ ಫೋನು ಬಂತು. ಬುಗ್ಗೆ ಕುಗ್ಗಿತು, ನಿಂತಿತು. ಆಸ್ಪತ್ರೆಯ ನಲ್ಲಿಯಲ್ಲಿ ನೀರಿದೆ. ಬಿರುಗಾಳಿ ಮಣ್ಣಿನ ಗುಡ್ಡೆಯ ಮೇಲೆ ಕೂತು ಮುಖ ಒರೆಸಿಕೊಂಡಳು.

"ಇನ್ನು ಎರಡು ದಿನ ನಮ್ಮ ಕೇರಿ ಒಣಗುತ್ತೆ," ಎಂದಳು ಬುತ್ತಿಯಮ್ಮ.

"ನಿಮಗೆ ಮೊದಲೇ ಗೊತ್ತಿತ್ತಾ?"

"ಇವರು ಅವಸರವಾಗಿ ಹೊರಟ ದಿನವೆಲ್ಲಾ ನಮ್ಮ ನಲ್ಲಿ ಒಣಗೋದು. ಅದಕ್ಕೇ ಕೊಡ ತುಂಬಿಸಿಟ್ಟು ಬಂದೆ. ನೀನು ಹೊಸ್ತಿಲಲ್ಲಿ ನಿಂತು ಹಲ್ಲು ಕಡೀತಿದ್ದೆ." ಅವಳು ನಕ್ಕಳು. ಬಿರುಗಾಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಪೈಪು ಎರಡು ದಿನದಲ್ಲಿ ಸರಿಹೋಯಿತು. ಜಗಲಿಯೂ ಎದ್ದಿತು. ಬಿರುಗಾಳಿಯ ಕಾಲಿನ ಕುಣಿತ ಮಾತ್ರ ಹೆಚ್ಚಾಯಿತು. ಈಗ ಯಾವ ಬೀದಿಯಲ್ಲಿ ನಡೆದರೂ ಕೆಳಗೆ ಏನಿದೆಯೋ ಎಂದು ಅಂಗಾಲು ಕೇಳತೊಡಗಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಬುತ್ತಿಯಮ್ಮನ ಜೊತೆ ಹೊರಟಳು. ದೋಬಿಗಳ ಕೊಳವಿದ್ದ ಜಾಗದಲ್ಲಿ ಎದ್ದ ಬ್ಯಾಂಕು, ಟೆಂಟು ಸಿನಿಮಾ ಹಾಕುತ್ತಿದ್ದ ಬಯಲು, ಒಂದು ಮನೆಯ ಜಗಳದಿಂದ ಸೊಟ್ಟಗಾದ ಸಂದಿ. ಎರಡು ತಿಂಗಳಲ್ಲಿ ಹೊಸ ಹಾಳೆಯ ಮೇಲೆ ಹದಿನಾಲ್ಕು ವಾಲ್ವು ಗುರುತಾದವು.

ಆ ಹಾಳೆಯನ್ನು ಒಂದು ಮಧ್ಯಾಹ್ನ ನೀರಿನವರ ಮುಂದೆ ಹರಡಿದಳು. ಮುದುಕರು ಬಹಳ ಹೊತ್ತು ನೋಡಿದರು. ಗೆರೆಗಳ ಮೇಲೆ ಎಡಗೈ ಬೆರಳು ನಿಧಾನವಾಗಿ ಹರಿದು, ಗಿರಣಿಯ ಹತ್ತಿರ ನಿಂತಿತು. ಅವಳ ಕೈಯಿಂದ ಪೆನ್ಸಿಲು ಕಿತ್ತುಕೊಂಡು, ಅವಳು ನೆಟ್ಟಗೆ ಎಳೆದಿದ್ದ ಒಂದು ಗೆರೆಯನ್ನು ಹೊಡೆದುಹಾಕಿ, ನಡುಗುವ ಸೊಟ್ಟ ಗೆರೆಯೊಂದನ್ನು ಹೆಣ್ಣುಮಕ್ಕಳ ಶಾಲೆಯ ಕಡೆ ಎಳೆದು, ಕೊನೆಯಲ್ಲಿ ಒಂದು ಚುಕ್ಕೆ ಒತ್ತಿದರು. ಪೆನ್ಸಿಲಿನ ಮೊನೆ ಮುರಿಯಿತು.

"ಅಲ್ಲಿಗೆ ನಾನು ಬುತ್ತಿ ತಗೊಂಡು ಹೋಗೇ ಇಲ್ಲ!" ಬುತ್ತಿಯಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಶಾಲೇಲಿ ಯಾರ ಕೈ ಅಡುಗೆ ಉಂಡ್ರಿ ನೀವು?"

ಮುದುಕರು ಕಿಟಕಿಯಾಚೆ ನೋಡತೊಡಗಿದರು. ತುಟಿಯ ಎಡ ತುದಿ ಮಾತ್ರ ಮೇಲಕ್ಕೆ ಹೋಗಿತ್ತು.

ಬಿರುಗಾಳಿ ಆಗಲೇ ಎದ್ದಿದ್ದಳು. ಮರುದಿನ ಶಾಲೆಯ ಅಂಗಳದಲ್ಲಿ, ಆಟದ ಗಂಟೆಯಲ್ಲಿ, ಹುಡುಗಿಯರೆಲ್ಲ ಸುತ್ತ ನಿಂತು ನೋಡುತ್ತಿದ್ದಾಗ ಆ ಚುಕ್ಕೆಯ ಜಾಗವನ್ನು ಅಗೆಸಿದಳು. ವಾಲ್ವು ಇತ್ತು. ಅರ್ಧ ಮುಚ್ಚಿತ್ತು, ಯಾವ ಕಾಲದಲ್ಲಿ ಯಾರು ಮುಚ್ಚಿ ಮರೆತರೋ. ಅದನ್ನು ಎರಡು ಮುಂದೆ ಒಂದು ಹಿಂದೆ ತೆರೆದ ಮರುಬೆಳಿಗ್ಗೆ ಗಿರಣಿಯ ಹಿಂದಿನ ಸಾಲಂಗಡಿಯವರು ನಲ್ಲಿಗಳ ಕೆಳಗಿಟ್ಟಿದ್ದ ಕೊಡಗಳು ತುಂಬಿ ಬೀದಿಗೆ ಚೆಲ್ಲಿದವು. ರಟ್ಟಿನವನು ಕಚೇರಿಗೆ ಫೋನು ಮಾಡಿ, ನೀರು ತೀರಾ ಜೋರಾಗಿ ಬರುತ್ತಿದೆ, ಕಾಗದ ನೆನೆಯುತ್ತಿದೆ, ಯಾರಾದರೂ ಬಂದು ನೋಡಿ ಎಂದು ಬೈದ. ಬಿರುಗಾಳಿ ಚಾವಿಯನ್ನು ಹೆಗಲಿಗೇರಿಸಿ, ಮೇಸ್ತ್ರಿಗೂ ಕಾಯದೆ ಹೊರಟಳು.