ಜಯಾಬಾಯಿಯವರ ಏಳುಕೆರೆ ರಾಜ್ಯ

ಮೊದಲ ಭೇಟಿಯಲ್ಲೇ ‘ನೀವು ಯಾರ ಪೈಕಿ?’ ಎಂದು ವಿಚಾರಿಸುವ ದೇವದುರ್ಗದಲ್ಲಿ, ಹೊಲಿಗೆ ಟೀಚರ್ ಜಯಾಬಾಯಿಯವರು ಮಾತ್ರ ‘ನೀ ಏನಾಗ್ತಿ?’ ಎಂದು ಕೇಳುತ್ತಿದ್ದರು. ಕೊರಳಲ್ಲಿ ಅಳತೆಯ ಟೇಪು. ಹತ್ತು ಹೆಜ್ಜೆಗೊಮ್ಮೆ ನಿಂತು, ಏನನ್ನೋ ಧ್ಯಾನಿಸಿ, ಮತ್ತೆ ಹೊರಡುವ ನಡಿಗೆ. ಆಗಾಗ ಮಾತಿನ ತುದಿಗೆ ಒಂದು ‘ನೋಡೂಣು’. ೧೯೮೨ರಲ್ಲಿ ಅವರಿದ್ದ ಶಾಲೆಗೆ ಕಲಿಸಲು ಬಂದ ನನ್ನನ್ನೂ ಹಾಗೆಯೇ ಕೇಳಿ, ರವಿವಾರ ಮಧ್ಯಾಹ್ನ ಮನೆಗೆ ಕರೆದರು.

ಅವರ ಪಡಸಾಲೆಯಲ್ಲಿ ಒಂದು ರಾಜ್ಯವಿತ್ತು. ಹಳೆಯ ಚಾದರದ ಮೇಲೆ ಅವರೇ ಕಸೂತಿ ಹಾಕಿದ ಏಳುಕೆರೆ: ಬೆಟ್ಟ, ಕೋಟೆ, ಯಾರಿಗೂ ಮುಖ ತೋರದ ಮೋಡಸ್ವಾಮಿಯ ಗುಡಿ. ಅಲ್ಲಿ ಮೂರೇ ಕುಲ: ದೀಪದವರು, ಒಲೆಯವರು, ಬೂದಿಯವರು. ಬೂದಿಯವರು ಮುಟ್ಟಿದ ನೀರು ಉಳಿದವರಿಗೆ ನಿಷಿದ್ಧ. ಚೀಟಿಯೆತ್ತಿ ಕುಲ ಪಡೆದವರು ಸಂಜೆಯವರೆಗೆ ಆ ಕುಲದವರಾಗಿಯೇ ಮಾತಾಡಬೇಕು, ಕವಡೆ ಬಿದ್ದಂತೆ ಬಾಳಬೇಕು. ಚುಕ್ಕಿಯಿಟ್ಟ ಚೀಟಿ ಬಂದವರು ಅಂದಿನ ಗುಪ್ತ ಅರಸು. ಎಲ್ಲರೂ ಮಡಚಿದ ಕಾಗದವೊಂದನ್ನು ಬಿಸ್ಕೀಟಿನ ಡಬ್ಬಿಗೆ ಹಾಕುತ್ತಿದ್ದೆವು. ಅಪ್ಪಣೆಯಿರುತ್ತಿದ್ದುದು ಅರಸಿನ ಕಾಗದದಲ್ಲಿ ಮಾತ್ರ; ಅರಸು ಯಾರೆಂದು ತಿಳಿಯದಿರಲೆಂದು ಉಳಿದವು ಖಾಲಿ.

ಆಡುತ್ತಿದ್ದವರು ನಾಲ್ವರು: ಜಯಾಬಾಯಿ, ನಾನು, ರಜಾಯಿ ಹೊಲಿಯುವ ಮುನವ್ವರ್ ಬೀ, ಮತ್ತು ಮಸರಕಲ್ಲಿನ ಕುರಿಗಾರರ ಮನೆಯಿಂದ ಬಂದು ಶಾಲೆಯಲ್ಲಿ ಆಯಾ ಆಗಿದ್ದ ಯಮನಮ್ಮ. ದೀಪದ ಚೀಟಿ ಬಂದ ದಿನ ಯಮನಮ್ಮನ ಧ್ವನಿಯಲ್ಲಿ ಹುಟ್ಟುತ್ತಿದ್ದ ಗತ್ತಿಗೆ ನಾವು ನೆಟ್ಟಗೆ ಕೂರುತ್ತಿದ್ದೆವು.

ಒಂದು ರವಿವಾರ ಅವಳಿಗೆ ಬೂದಿ ಬಂತು, ನನಗೆ ಚುಕ್ಕಿ. ಬರಿಯ ಕುತೂಹಲಕ್ಕೆ ಬರೆದೆ: ‘ಎಲ್ಲ ಕುಲದವರೂ ಬೂದಿಯವರ ಕೈನೀರು ಕುಡಿಯತಕ್ಕದ್ದು.’

ಡಬ್ಬಿ ತೆರೆದು ಅಪ್ಪಣೆ ಓದಿದಾಗ ಮುನವ್ವರ್ ಬೀ “ಹುಕುಂ ಅಂದ್ರ ಹುಕುಂ” ಎಂದು ನಕ್ಕು ಯಮನಮ್ಮನ ತಂಬಿಗೆಯಿಂದ ಕುಡಿದರು. ನಾನೂ ಕುಡಿದೆ. ಜಯಾಬಾಯಿಯವರ ತಾಯಿ, ಒಳಗೆ ಮಡಿಯುಟ್ಟು ಜಪಕ್ಕೆ ಕೂತಿದ್ದ ಅಹಲ್ಯಾಬಾಯಿಯವರ ಮಣಿಸರದ ಸದ್ದು ನಿಂತಿತು. ಜಯಾಬಾಯಿಯವರ ಕೈ ಚಾದರದ ಮೇಲೆಯೇ ಉಳಿಯಿತು.

“ಬಿಡ್ರಿ ಬಾಯಾರ, ಆಟ ಐತಿ. ಒಳಗ ಅವ್ವಾರು ಕೇಳಾಕತ್ತಾರ. ನೀರು ಚೆಲ್ಲಿ ಬರ್ತೀನಿ,” ಎಂದಳು ಯಮನಮ್ಮ.

“ಚೆಲ್ಲಬ್ಯಾಡ. ನಾ ಕಟ್ಟಿದ ರಾಜ್ಯದಾಗ ನಾನೇ ಅಪ್ಪಣಿ ಮುರದ್ರ ಹೆಂಗ?” ಎಂದು ಜಯಾಬಾಯಿಯವರು ತಂಬಿಗೆ ಎತ್ತಿ ತಳ ಕಾಣುವವರೆಗೆ ಕುಡಿದರು.

ಒಳಗಿನಿಂದ ಒಂದೇ ಮಾತು ಬಂತು: “ಜಯಾ, ಇನ್ನ ಅಡಗಿಮನಿಗೆ ಬರಬ್ಯಾಡ.”

ತಾಯಿ ತೀರಿಕೊಳ್ಳುವವರೆಗೆ, ನಾಲ್ಕು ವರ್ಷ, ಜಯಾಬಾಯಿಯವರು ಪಡಸಾಲೆಯ ಮೂಲೆಯಲ್ಲಿ ಸ್ಟವ್ ಇಟ್ಟುಕೊಂಡು ಉಂಡರು; ತಾಯಿಯ ಸೀರೆಗಳಿಗೆ ಫಾಲ್ ಹೊಲಿದುಕೊಡುವುದನ್ನೂ ಬಿಡಲಿಲ್ಲ, ರವಿವಾರದ ಆಟವನ್ನೂ ಬಿಡಲಿಲ್ಲ. ಅಂದಿನ ಅರಸು ನಾನೆಂದು ತಪ್ಪೊಪ್ಪಿಕೊಳ್ಳಲು ಹೋದಾಗ ಗದರಿದರು: “ಅರಸು ಯಾರಂತ ಹೇಳಬಾರದು. ಕಟ್ಟಳಿ ಅದ.” ಆಮೇಲೆ ಮೆಲ್ಲಗೆ, ಹೊಸ ಹೊಲಿಗೆಯೊಂದನ್ನು ಕಂಡವರ ಬೆರಗಿನಲ್ಲಿ ಹೇಳಿದರು: “ನೀರು ಇಳಿಯೂಮುಂದ ನನ್ನೊಳಗ ಯಾರೋ ಗಂಟಲ ಹಿಡದಂಗಾತು. ಅಂವನ್ನ ನಾ ಯಾವ ಚೀಟ್ಯಾಗೂ ಬರದಿದ್ದಿಲ್ಲ.”

ಲೋಕವನ್ನು ತಿದ್ದುತ್ತೇನೆಂದು ಇಂಥವರು ಎಂದೂ ಹೇಳುವುದಿಲ್ಲ. ಅದು ಹೇಗೆ ಹೆಣೆದುಕೊಂಡಿದೆಯೆಂದು ತಿಳಿಯುವ ಆಸೆಗೆ ಪುಟ್ಟ ಮಾದರಿಯೊಂದನ್ನು ಕಟ್ಟಿಕೊಳ್ಳುತ್ತಾರೆ. ಅದು ತಿರುಗಿ ತಮ್ಮನ್ನೇ ಪರೀಕ್ಷಿಸಿದಾಗ, ಆಟವೆಂದು ನಕ್ಕು ಎದ್ದುಹೋಗಲು ಅವರಿಂದಾಗುವುದಿಲ್ಲ. ಅನೇಕರಿಗೆ ಧೈರ್ಯ ಸಿಟ್ಟಿನಿಂದ ಬರುತ್ತದೆ. ಕೆಲವರಿಗೆ, ಅಪರೂಪಕ್ಕೆ, ಕುತೂಹಲದಿಂದ.