ಬೈಂಡಿಂಗ್ ಮನೆಯ ಸಂವಿಧಾನ

“ಒಂದಾ, ಎರಡಾ? ಗಟ್ಟಿಯಾಗಿ ಹೇಳು, ಕೇಳ್ಸಲ್ಲ.”

ಕಕ್ಕಸಿನ ಬೀಗದ ಕೈಯನ್ನು ಬೆರಳಿಗೆ ಸಿಕ್ಕಿಸಿ ಗಿರಗಿರ ತಿರುಗಿಸುತ್ತ ಮ್ಯಾನೇಜರು ಕೇಳಿದ. ಬೈಂಡಿಂಗ್ ಮನೆಯ ಅಷ್ಟೂ ಜನ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದರು. ಕಿವಿ ಮಾತ್ರ ಎಲ್ಲರದೂ ಇತ್ತಲೇ ಇತ್ತು. ಮೇಜಿನ ಮುಂದೆ ನಿಂತಿದ್ದ ಸೂಜಿಯಕ್ಕ ಮೊಮ್ಮಗುವನ್ನು ಎತ್ತಿ ಆಡಿಸುವ ವಯಸ್ಸಿನ ಹೆಂಗಸು. ಮುಖ ಕೆಂಪಾಯಿತು.

“ಒಂದು, ಸಾರ್.”

“ಬೆಳಿಗ್ಗೆ ಹೋಗಿದ್ಯಲ್ಲೇ! ಹೊಟ್ಟೇಲೇನು ಕೆರೆ ಕಟ್ಟಿಸ್ಕೊಂಡಿದ್ಯಾ? ನೀರು ಕಮ್ಮಿ ಕುಡಿ. ಊಟದ ಹೊತ್ತಿಗೆ ಬಾ.”

ಗಂಡಸರಲ್ಲಿ ಒಬ್ಬ ಕಿಸಕ್ಕೆಂದ. ಸೂಜಿಯಕ್ಕ ತನ್ನ ಚಾಪೆಗೆ ಬಂದು ಕಾಲ ಮೇಲೆ ಕಾಲು ಬಿಗಿದು ಕೂತಳು.

ಇಪ್ಪತ್ತು ವರ್ಷದಿಂದ ಅವಳ ಕೆಲಸ ಒಂದೇ: ಮಡಿಸಿದ ಹಾಳೆಗಳನ್ನು ಸೇರಿಸಿ ಹೊಲಿಯುವುದು. ಈ ವಾರ ಬಂದದ್ದು ದೇಶದ ಸಂವಿಧಾನ. ಸಾವಿರ ಪ್ರತಿ, ಕೆಂಪು ರಟ್ಟು, ಬಂಗಾರದ ಅಕ್ಷರ. ಮರುದಿನ ಶಾಸನಸಭೆಯಲ್ಲಿ ಏನೋ ಸಮಾರಂಭವಂತೆ. ಸಂಜೆ ಐದಕ್ಕೆ ವ್ಯಾನು ಬರುವುದರೊಳಗೆ ಮುಗಿಯಬೇಕು.

ಸಂಕಟ ಮರೆಯಲು ಅವಳು ಕೈಯಲ್ಲಿದ್ದ ಮುನ್ನುಡಿಯ ಹಾಳೆಯನ್ನು ಓದತೊಡಗಿದಳು. ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತ, ಎದ್ದು ಮುಂದೆ ಹೋಗುತ್ತ ಒಂದು ಪುಟ ದಾಟಿದಳು. ಅಷ್ಟರಲ್ಲಿ ಅವಳ ಹುಬ್ಬು ಮೇಲೇರಿತು.

“ಲೋ ಒಂಬತ್ತು! ಇದನ್ನ ಜಗಳ ಆಡಿ ಬರ್ದಿದಾರೆ ಕಣೋ. ಜನ ಕಳಿಸಿದೋರು ವರ್ಷಗಟ್ಟಲೆ ಕೂತು, ಒಂದೊಂದು ಮಾತಿಗೂ ಕಿತ್ತಾಡಿದಾರೆ. ನಾನು ಮೇಲಿಂದ ಉದುರಿತ್ತು ಅಂದ್ಕೊಂಡಿದ್ದೆ.”

ಒಂಬತ್ತು ಎಂದರೆ ಕಟಿಂಗ್ ಮಷಿನ್ನಿನವನು. ಹತ್ತನೆಯ ಬೆರಳನ್ನು ಮಷಿನ್ನು ನುಂಗಿದ ದಿನದಿಂದ ಅದೇ ಹೆಸರು.

“ಜಗಳ ಆಡಿದ್ರೆ ಸಾಕು ಅನ್ನೋದಾದ್ರೆ ನಮ್ಮನೇಲಿ ಇಷ್ಟೊತ್ತಿಗೆ ಮೂರು ಸಂವಿಧಾನ ಆಗಿರ್ಬೇಕಿತ್ತಕ್ಕ,” ಅಂದ ಅವನು.

ನಗು ಕೇಳಿ ಮ್ಯಾನೇಜರು ಬಂದ. “ನಿನ್ನ ಇಟ್ಕೊಂಡಿರೋದು ಹೊಲಿಯೋಕೆ, ಓದೋಕಲ್ಲ.”

“ಎಲ್ಲರೂ ಸಮ ಅಂತ ಹಾಕಿದಾರೆ ಸಾರ್ ಇದ್ರಲ್ಲಿ.”

“ಅದು ದೇಶಕ್ಕೆ ಕಣೇ, ಮುಂಡೇದೆ. ಈ ಹೊಸಿಲು ದಾಟಿದ್ಮೇಲೆ ನಾನೇ ದೇಶ. ಹೊಲಿ.”

ಊಟದ ಹೊತ್ತಿಗೆ ಸೂಜಿಯಕ್ಕ ಮೇಜಿನ ಬಳಿಗೆ ಓಡಿದರೆ ಕುರ್ಚಿ ಖಾಲಿ. ಬೀಗದ ಕೈಯೂ ಇಲ್ಲ.

“ದೇಶ ಊಟಕ್ಕೆ ಹೋಯ್ತು. ಕಕ್ಕಸನ್ನೂ ಜೇಬಿಗೆ ಹಾಕ್ಕೊಂಡು ಹೋಯ್ತು,” ಅಂದಳು ಗೋಂದು ಹಚ್ಚುವ ಅವಳ ನಾದಿನಿ.

ಎಲ್ಲರೂ ನಕ್ಕರು, ಸೂಜಿಯಕ್ಕ ನಗಲಿಲ್ಲ. ಹಿತ್ತಲಿನ ಗೋಡೆಯ ಹಿಂದೆ ಹೋಗಿ, ಸೀರೆ ಸರಿಮಾಡಿಕೊಳ್ಳುತ್ತ ಬಂದವಳೇ ಶಾಯಿ ಚೆಲ್ಲಿ ಹಾಳಾಗಿದ್ದ ಹಾಳೆಯೊಂದನ್ನು ಎಳೆದುಕೊಂಡಳು. ಅದರ ಬೆನ್ನು ಬಿಳಿಯಾಗಿತ್ತು.

“ಬನ್ರೋ. ನಾವೂ ಜಗಳ ಆಡೋಣ.”

ಬುತ್ತಿ ಬಿಚ್ಚಿ ಸುತ್ತ ಕೂತರು. ಸೂಜಿಯಕ್ಕ ಬಾಯಲ್ಲಿ ಹೇಳಿಕೊಳ್ಳುತ್ತ ದೊಡ್ಡಕ್ಷರದಲ್ಲಿ ‘ನಾವು’ ಅಂತ ಬರೆದಳು. ಮೊದಲನೆಯದು, ಕಕ್ಕಸಿಗೆ ಹೊರಗಡೆ ಬೀಗ ಇರಕೂಡದು. ಅದಕ್ಕೆ ತಕರಾರಿಲ್ಲ. ಯಾವುದಕ್ಕೆ ಹೋಗುತ್ತೀರಿ ಅಂತ ಯಾರೂ ಯಾರನ್ನೂ ಕೇಳಕೂಡದು. ಅದಕ್ಕೂ ಇಲ್ಲ. ಯಾರೇ ಆಗಲಿ ಸಾಲಿನಲ್ಲೇ ಹೋಗಬೇಕು ಅಂದಾಗ ನಾದಿನಿ ಬಾಯಿ ಹಾಕಿದಳು.

“ಅವಸರ ಆದೋರು?”

“ಮುಂದಿರೋರನ್ನ ಕೇಳ್ಕೊಂಡು ಹೋಗ್ಲಿ.”

“ಬೈಯೋ ಸ್ವಾತಂತ್ರ್ಯ ಬೇಕು,” ಅಂದ ಒಂಬತ್ತು. “ಬೈದೇ ಇದ್ರೆ ನನ್ನ ಮಷಿನ್ ಓಡಲ್ಲ.”

ಅದಕ್ಕೆ ದೊಡ್ಡ ಗಲಾಟೆಯೇ ಆಯಿತು. ಕೊನೆಗೆ, ಮಷಿನ್ನಿಗೆ ಎಷ್ಟು ಬೇಕಾದರೂ ಬೈಯಬಹುದು, ಯಾರ ತಾಯಿಯ ಸುದ್ದಿಗೂ ಹೋಗಕೂಡದು ಎಂದಾಯಿತು.

“ಮಷಿನ್ನಿಗೆ ತಾಯಿ ಇಲ್ವಲ್ಲ ಬಿಡಿ, ಬೋಳಿಮಗಂದು,” ಅಂದ ಒಂಬತ್ತು.

ಆಗ ಬಾಗಿಲ ಆಚೆಯಿಂದ ಒಂದು ದನಿ ಬಂತು. “ಅದ್ರಲ್ಲಿ ನಾವು ಅಂತ ಬರ್ದಿದ್ಯಲ್ಲವ್ವ, ಯಾರ್ಯಾರು?”

ಪೊರಕೆಯಜ್ಜಿ. ಕಕ್ಕಸು ತೊಳೆದು, ನೆಲ ಗುಡಿಸಿ, ಹೊಸಿಲಾಚೆ ಕೂತು ತಿನ್ನುವವಳು. ಅವಳ ಲೋಟ ಕಿಟಕಿಯ ಕಟ್ಟೆಯ ಮೇಲೆ ಬೇರೆಯಾಗಿ ಇರುತ್ತಿತ್ತು. ಅದನ್ನು ಅಲ್ಲಿಟ್ಟವನು ಮ್ಯಾನೇಜರಲ್ಲ.

“ನಿತ್ಯ ತೊಳೆಯೋಳು ನಾನು,” ಅಜ್ಜಿ ರೊಟ್ಟಿ ಮುರಿಯುತ್ತ ಅಂದಳು. “ನೀನು ಇವತ್ತು ಒಂದ್ಸಲ ಗೋಡೆ ಹಿಂದೆ ಹೋದೆ. ನಾನು ಆರು ವರ್ಷದಿಂದ ಅಲ್ಲಿಗೇ ಹೋಗ್ತಿದೀನಿ. ನಾನು ಕೂತ ಕಡೆ ನೀವು ಕೂರ್ತೀರೇನು?”

ನಾದಿನಿ ಬುತ್ತಿಯ ಮುಚ್ಚಳವನ್ನು ಸುಮ್ಮನೆ ಒರೆಸಿದಳು. ಸೂಜಿಯಕ್ಕ ಎತ್ತಿದ ತುತ್ತನ್ನು ಬುತ್ತಿಗೇ ಇಳಿಸಿದಳು. ಆ ಲೋಟ ಇಟ್ಟವಳು ಅವಳೇ. ಆರು ವರ್ಷ ಮೇಲಿನಿಂದ ನೀರು ಹೊಯ್ದಿದ್ದಳು, ಕೈ ತಗಲದ ಹಾಗೆ.

“ಒಳಗೆ ಬಾ ಅಜ್ಜಿ,” ಅಂದಳು.

“ಬಾ ಅಂದ್ರೆ ಸಾಲ್ದು. ಬರೀ.”

ಸೂಜಿಯಕ್ಕ ಬರೆದು ಗಟ್ಟಿಯಾಗಿ ಓದಿದಳು: ‘ನಾವು ಅಂದರೆ ಅಜ್ಜಿಯೂ.’ ಅಜ್ಜಿ ಬಂದು ಹಾಳೆಯನ್ನು ದಿಟ್ಟಿಸಿದಳು.

“ಇದೇನು, ‘ಅಜ್ಜಿಯೂ’? ಬಾಲದ ಹಾಗೆ! ಓದೋಕೆ ಬರ್ದೇ ಇದ್ರೂ ಕೊನೇಲಿರೋದು ನಾನು ಅಂತ ತಿಳಿಯಲ್ವಾ? ತಿದ್ದು.”

ಶುರುವಾಗಿ ಅರ್ಧ ಗಂಟೆಯೂ ಆಗಿರಲಿಲ್ಲ, ಆಗಲೇ ಮೊದಲ ತಿದ್ದುಪಡಿ. ‘ನಾವು, ಅಜ್ಜಿ ಮತ್ತು ಉಳಿದವರು’ ಎಂದು ಬರೆದ ಮೇಲೆ ಅಜ್ಜಿ ಶಾಯಿಗೆ ಹೆಬ್ಬೆರಳು ಅದ್ದಿ ಒತ್ತಿದಳು. ಒಂಬತ್ತು ಸ್ಕ್ರೂಡ್ರೈವರ್ ತಂದು ಕಕ್ಕಸಿನ ಹೊರಚಿಲಕವನ್ನು ಬೀಗದ ಸಮೇತ ಕಳಚಿದ. ಒಳಚಿಲಕ ಮುಟ್ಟಲಿಲ್ಲ. ಬಾಗಿಲಿಗೆ ಗೋಂದಿನಿಂದ ಹಾಳೆ ಅಂಟಿಸಿದರು.

ಮ್ಯಾನೇಜರು ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ ಬಂದಾಗ ಕಕ್ಕಸಿನ ಮುಂದೆ ಉದ್ದದ ಸಾಲು. ಒಳಗೆ ಅಜ್ಜಿ. ಚಾಪೆಗಳ ಮೇಲೆ ಸೂಜಿಗಳು, ಹೊಲಿಯದ ಮುನ್ನೂರು ಪುಸ್ತಕ.

“ಯಾವ ಸೂಳೆಮಗ ಬೀಗ ಕಿತ್ತಿದ್ದು?”

“ತಾಯಿ ಸುದ್ದಿಗೆ ಹೋಗೋ ಹಾಗಿಲ್ಲ ಸಾರ್. ಬಾಗಿಲ ಮೇಲಿದೆ, ಓದಿ,” ಅಂದ ಒಂಬತ್ತು.

ಮ್ಯಾನೇಜರು ಹಾಳೆಗೆ ಉಗುರು ಹಾಕಿದ. ರಟ್ಟಿಗೆ ಹಚ್ಚುವ ಗೋಂದು, ಒಂದು ಮೂಲೆಯೂ ಏಳಲಿಲ್ಲ. “ನಾಳೆಯಿಂದ ಒಬ್ಬರೂ ಬರಬೇಡಿ!” ಎಂದು ಕೂಗಿದ.

“ನಾಳೆ ಸಂಗತಿ ನಾಳೆ ಸಾರ್. ಐದಕ್ಕೆ ವ್ಯಾನು ಬರುತ್ತೆ, ಈ ಸಾಲು ಮುಗಿಯದೆ ಯಾರೂ ಸೂಜಿ ಮುಟ್ಟಲ್ಲ. ಇವತ್ತಿನದು ಹೇಳಿ,” ಅಂದಳು ಸೂಜಿಯಕ್ಕ. ದನಿ ನಡುಗಲಿಲ್ಲ, ಅವಳಿಗೇ ಆಶ್ಚರ್ಯವಾಯಿತು.

ಮ್ಯಾನೇಜರು ಗಡಿಯಾರ ನೋಡಿದ. ಎರಡೂವರೆ. ಬಾಗಿಲು ಬಡಿದ. “ಏಯ್ ಮುದುಕಿ, ಆಚೆ ಬಾರೇ!”

ಒಳಗೆ ನಲ್ಲಿ ತಿರುಗಿದ ಸದ್ದಾಯಿತು. ಬಕೆಟ್ಟು ನಿಧಾನವಾಗಿ ತುಂಬತೊಡಗಿತು.