ಪಟ್ಟಿಯಲ್ಲಿ ಅತ್ತೆಯ ಹೆಸರು

ನಿಪ್ಪಾಣಿಯ ಬೀಡಿ ಕಟ್ಟುವವರ ಸಂಘವೊಂದಕ್ಕೆ ಕಂಪ್ಯೂಟರ್ ಬಂದದ್ದು ತೊಂಬತ್ತಾರರ ದೀಪಾವಳಿ ಕಳೆದ ಮೇಲೆ. ಅದರ ಮುಂದೆ ಕೂರುವವಳು ಶಹಜಾದಬಿ. ಅವಳ ತಾಯಿ ಬೀಡಿ ಕಟ್ಟಿಯೇ ಅವಳನ್ನು ಕೊಲ್ಹಾಪುರಕ್ಕೆ ಕಲಿಯಲು ಕಳಿಸಿದ್ದಳು. ಬೀಡಿ ಕಾರ್ಡುಗಳನ್ನು ನೋಡಿ ಸಂಘದ ನಾಲ್ಕು ಸಾವಿರ ಹೆಸರುಗಳನ್ನು ಶಹಜಾದಬಿ ಒಬ್ಬಳೇ ಕೂತು ತುಂಬಿದ್ದಳು. ಊರು, ಹೆಸರು ಕೊಟ್ಟರೆ ಹುಡುಕಿ ಹೇಳಲು ಕಂಪ್ಯೂಟರಿಗೆ ಆರು ಸಾಲಿನ ಆಜ್ಞೆಗಳ ಒಂದು ಸ್ಕ್ರಿಪ್ಟನ್ನೂ ಬರೆದಿಟ್ಟಿದ್ದಳು.

ಕುರುಬ ಸಂಜೆ ದೊಡ್ಡಿಯ ಬಾಗಿಲಲ್ಲಿ ನಿಂತು ಒಂದೊಂದೇ ಕುರಿಯ ಮುಖ ನೋಡಿ ಒಳಗೆ ಬಿಡುತ್ತಾನಲ್ಲ, ಆ ಸ್ಕ್ರಿಪ್ಟಿನ ಕೆಲಸವೂ ಹಾಗೇ. ಮೊದಲ ಹೆಸರಿನಿಂದ ಹಿಡಿದು ‘ನೀನೇನಾ? ನೀನೇನಾ?’ ಎಂದು ಕೇಳುತ್ತ ಹೋಗುತ್ತಿತ್ತು. ಸಿಕ್ಕರೆ ಅಲ್ಲೇ ನಿಂತು ತೆರೆಯ ಮೇಲೆ ‘ಐತಿ’ ಎನ್ನುತ್ತಿತ್ತು. ಕೊನೆಯ ಹೆಸರು ದಾಟಿದರೂ ಸಿಗದಿದ್ದರೆ ‘ಇಲ್ಲ’. ಅಕ್ಷರ ಇಂಗ್ಲಿಷಿನದು, ಮಾತು ಅವಳದೇ.

ಒಂದು ಸೋಮವಾರ ಪಕ್ಕದ ಹಳ್ಳಿಯಿಂದ ರುಕ್ಮವ್ವ ಬಂದಳು. ಜೊತೆಗೆ ನೆರೆಮನೆಯ ಗೌರಾಬಾಯಿ. ಮೂರು ತಿಂಗಳಿಂದ ರುಕ್ಮವ್ವನ ಕೆಮ್ಮಿನಲ್ಲಿ ರಕ್ತ ಬೀಳುತ್ತಿತ್ತು. ಟಿ.ಬಿ., ತಡ ಮಾಡಬೇಡಿ ಎಂದಿದ್ದರು ಡಾಕ್ಟರು. ಸಂಘದ ದವಾಖಾನೆಯಲ್ಲಿ ಹಾಸಿಗೆ ಖಾಲಿ ಇತ್ತು. ಆದರೆ ಪಟ್ಟಿಯಲ್ಲಿ ಹೆಸರಿದೆ ಎಂದು ಶಹಜಾದಬಿ ಚೀಟಿ ಕೊಡದೆ ಅಲ್ಲಿ ಯಾರನ್ನೂ ಮಲಗಿಸಿಕೊಳ್ಳುತ್ತಿರಲಿಲ್ಲ.

“ಹೆಸರ ಹೇಳ್ರಿ ಅಕ್ಕಾರ.”

“ರುಕ್ಮವ್ವ.”

“ನಾಕ ಸಾವಿರ ಹೆಸರ ನೋಡೂದ್ರಾಗ ಹೊತ್ತ ಮುಣಗತೈತಿ,” ಎಂದು ಗೌರಾಬಾಯಿ ಎಲೆ ಅಡಿಕೆ ಹಾಕಿಕೊಳ್ಳಲು ಸಂಚಿಗೆ ಕೈ ಹಾಕಿದಳು. ಸಂಚಿ ಬಿಚ್ಚುವ ಮೊದಲೇ ಉತ್ತರ ಬಂದಿತ್ತು.

“ಇಲ್ಲ ಅಂತೈತ್ರಿ.”

“ಇಲ್ಲಂದ್ರ? ಮೂವತ್ತ ವರ್ಷ ಬೀಡಿ ಕಟ್ಟ್ಯಾಳ ಇಕಿ! ನಿನ್ನ ಮಶಿನ್ನಿನ ಕಣ್ಣ ಹೋಗ್ಯಾವೇನಬೇ?”

ತನ್ನ ಕೈಯೇ ತಪ್ಪಿರಬಹುದು ಎಂದು ಶಹಜಾದಬಿ ಆ ಹಳ್ಳಿಯ ಹೆಸರುಗಳನ್ನು ತೆರೆಯ ಮೇಲೆ ತಂದು ಒಂದೊಂದರ ಮೇಲೂ ಬೆರಳಿಟ್ಟು ಓದಿದಳು. ಇರಲಿಲ್ಲ.

“ಬೀಡಿ ಎಲಿ, ತಂಬಾಕ ಯಾರ ಕಾರ್ಡಿನ ಮ್ಯಾಲ ಒಯ್ತಿದ್ರಿ?”

ಗೌರಾಬಾಯಿ ನಕ್ಕಳು. “ಸೊಸಿಗೆ ಎಲ್ಲೀ ಕಾರ್ಡಬೇ? ಕಾರ್ಡ ಅತ್ತೀದು, ಬೆರಳ ಸೊಸೀದು. ನಿಮ್ಮ ಮನ್ಯಾಗ ಬ್ಯಾರೆ ಇತ್ತೇನ?”

ಬೇರೆ ಇರಲಿಲ್ಲ. ಶಹಜಾದಬಿಯ ತಾಯಿ ಕಟ್ಟಿದ ಬೀಡಿಯೂ ಅಜ್ಜಿಯ ಕಾರ್ಡಿಗೇ ಹೋಗುತ್ತಿತ್ತು. ಮನೆಗೆ ಒಂದು ಕಾರ್ಡು, ಹಿರಿಯಳ ಹೆಸರಲ್ಲಿ. ಗೊತ್ತಿದ್ದ ಸಂಗತಿಯೇ. ಹೆಸರು ತುಂಬುವಾಗ ಮಾತ್ರ ಅದು ನೆನಪಿಗೆ ಬಂದಿರಲಿಲ್ಲ.

“ಅತ್ತಿಯಾರ ಹೆಸರು?”

ರುಕ್ಮವ್ವ ಗೌರಾಬಾಯಿಯ ಕಡೆ ತಿರುಗಿದಳು. ಅವರ ಮನೆಯಲ್ಲಿ ಸೊಸೆಯಾದವಳು ಅತ್ತೆಯ ಹೆಸರು ಬಾಯಿಬಿಟ್ಟು ಹೇಳುವಂತಿಲ್ಲ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಅದು ಅವಳ ನಾಲಗೆಗೆ ಬಂದಿರಲಿಲ್ಲ.

“ಕೆಂಪವ್ವ,” ಎಂದಳು ಗೌರಾಬಾಯಿ. “ತೀರಿ ಎರಡ ವರ್ಷಾತು. ಕಾರ್ಡ ಇನ್ನೂ ನಡದೈತಿ.”

ತೆರೆ ‘ಐತಿ’ ಎಂದಿತು.

ಮೂವರೂ ಅದನ್ನೇ ನೋಡಿದರು.

“ಸತ್ತಾರೋ ಬದುಕ್ಯಾರೋ ಅದಕ್ಕ ತಿಳಿಯಾಂಗಿಲ್ರಿ,” ಎಂದಳು ಶಹಜಾದಬಿ. “ಪಟ್ಟ್ಯಾಗ ಅದಾರೋ ಇಲ್ಲೋ, ಅಷ್ಟ ನೋಡತೈತಿ. ನಿಮ್ಮ ಹೆಸರ ಹೊಸದಾಗಿ ಸೇರಿಸಬೇಕಂದ್ರ ಅರ್ಜಿ, ಸಾಕ್ಷಿ... ಮೂರ ತಿಂಗಳ ಹಿಡೀತೈತ್ರಿ.”

“ಮೂರ ತಿಂಗಳ,” ಎಂದಳು ರುಕ್ಮವ್ವ, ಬೇರೆ ಯಾರದೋ ಸುದ್ದಿ ಹೇಳಿದಂತೆ. ಕೆಮ್ಮು ಬಂತು. ಸೆರಗಿನಲ್ಲಿ ಬಿದ್ದ ಕೆಂಪನ್ನು ನೋಡಿ, ಮಡಚಿ ಒಳಗೆ ಸೇರಿಸಿದಳು.

ದೇವಿಯ ಪಟ್ಟಿಯಲ್ಲಿ ಹೆಸರಿರುವುದಿಲ್ಲ, ಮುಖ ಇರುತ್ತದೆ ಎನ್ನುತ್ತಾರೆ ಹಿರಿಯರು. ಈ ಪಟ್ಟಿಯಲ್ಲಿ ಮುಖವಿರಲಿಲ್ಲ. ರುಕ್ಮವ್ವ ಮುಂದಿಟ್ಟ ಅತ್ತೆಯ ಕಾರ್ಡಿನ ಮೇಲಿನ ಫೋಟೋ ತಂಬಾಕಿನ ಕೈ ತಗಲಿ ಕಂದಿತ್ತು. ಉಳಿದದ್ದು ಒಂದು ಸೆರಗು, ಅದರ ನೆರಳಿನಲ್ಲಿ ಅರ್ಧ ಗಲ್ಲ.

“ಕೆಂಪಕ್ಕ ಬದುಕಿದ್ದಾಗ ಸೊಸೀನ ಒಂದ ದಿನಾ ಹಗಲ ಹೊತ್ತ ಮಲಗಗೊಡಲಿಲ್ಲ,” ಎಂದಳು ಗೌರಾಬಾಯಿ. “ಈಗರೆ ಕೊಡ್ಲಿ.”

ಶಹಜಾದಬಿ ಕಾರ್ಡನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದಳು. ಆಮೇಲೆ ಕೆಂಪವ್ವನ ಹೆಸರಿಗೆ ಚೀಟಿ ಬರೆದಳು. ರುಕ್ಮವ್ವನ ಹೆಬ್ಬೆಟ್ಟು ಒತ್ತಿಸಿಕೊಂಡಾಗ ಕಾಗದದ ಮೇಲೆ ಬರಿಯ ಮಸಿ ಮೂಡಿತು. ಗೆರೆಗಳೆಲ್ಲ ಎಲೆ ಸುತ್ತಿ ಸುತ್ತಿ ಸವೆದುಹೋಗಿದ್ದವು.

“ಅಲ್ಲಿ ಹೆಸರ ಕೇಳ್ತಾರ್ರಿ. ನಿಮ್ಮ ಬಾಯಿಲೇ ಹೇಳಬೇಕು. ಇವರು ಹೇಳಿದ್ರ ನಡಿಯಾಂಗಿಲ್ಲ.”

ದವಾಖಾನೆಯಲ್ಲಿ ನರ್ಸಬಾಯಿ ಚೀಟಿ ತೆಗೆದುಕೊಂಡು, “ಹೆಸರು?” ಎಂದು ಕೇಳಿದಳು. ಗೌರಾಬಾಯಿ ಬಾಗಿಲಾಚೆ ಮುಖ ಮಾಡಿ ನಿಂತಳು. ರುಕ್ಮವ್ವ ಸೆರಗಿನ ಗಂಟು ಬಿಚ್ಚಿ, ದೇವಿ ಚಿಂಚಲಿ ಮಾಯಕ್ಕನ ಭಂಡಾರದ ಅರಿಸಿನ ಒಂದು ಚಿಟಿಕೆ ನಾಲಗೆಗೆ ಹಚ್ಚಿಕೊಂಡಳು. ಹೆದರಿಕೆ ಬರಬಹುದು ಎಂದು ಕಾದಳು. ನಾಚಿಕೆಯಾದರೂ, ಅತ್ತೆಯ ಗದರಿಕೆಯಾದರೂ ಬರಬಹುದು ಎಂದು ಕಾದಳು. ಏನೂ ಬರಲಿಲ್ಲ. ಅರಿಸಿನದ ರುಚಿಯೂ ತಿಳಿಯಲಿಲ್ಲ.

“ಕೆಂಪವ್ವ.”

“ಹನ್ನೊಂದನೇ ಹಾಸಿಗಿ,” ಎಂದಳು ನರ್ಸಬಾಯಿ.

ರುಕ್ಮವ್ವ ಹಾಸಿಗೆಯ ಅಂಚಿನಲ್ಲಿ ಕುಳಿತಳು, ಕಾಲು ನೆಲಕ್ಕೆ ಊರಿ. ಕಿಟಕಿಯಲ್ಲಿ ಮಧ್ಯಾಹ್ನದ ಬಿಸಿಲಿತ್ತು; ಮನೆಯಲ್ಲಿ ಎಲೆ ನೆನೆಹಾಕುವ ಹೊತ್ತು.

“ಮಲಗಬೇ ರುಕ್ಮವ್ವಾ.”

ಅವಳು ಅಲುಗಲಿಲ್ಲ.

ಗೌರಾಬಾಯಿ ಸುತ್ತ ನೋಡಿ, ದನಿ ತಗ್ಗಿಸಿದಳು. “ಮಲಗಬೇ ಕೆಂಪಕ್ಕಾ.”

“ಹ್ಞೂಂ,” ಎಂದಳು ರುಕ್ಮವ್ವ. ಕಾಲೆತ್ತಿ ಮಲಗಿದಳು.